ಗಾಡಿ ಮಾತು: ಲೋಗೋ ಬದಲಾದರೆ ಕಾರು ಬದಲಾಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಒಂದು ಕಂಪನಿ ಮಾಡಿದ ಕಾರಿಗೆ ಇನ್ನೊಂದು ಕಂಪನಿ ತನ್ನ ಲೋಗೋ ಅಂಟಿಸಿ, ತನ್ನ ಶೋರೂಮಿನಲ್ಲಿ ಮಾರುತ್ತದಲ್ಲ, ಅದು. ಇದನ್ನೇ ಬ್ಯಾಡ್ಜ್ ಇಂಜಿನಿಯರಿಂಗ್ ಅನ್ನುತ್ತಾರೆ. ಮೈಸೂರು, ಮಂಡ್ಯ ಕಡೆಯವರು ಕೇಳಿದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಇಂಥ ಕಾರುಗಳಲ್ಲಿ ಕೆಲವು ನಾವು ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ಬಿಡದಿಯಲ್ಲೇ ತಯಾರಾಗುವುದರಿಂದ ಇದು ನಮಗೆ ದೂರದ ವಿಷಯವೇನೂ ಅಲ್ಲ.

ಪ್ರಶ್ನೆ: ಮನೆಗೆ ಮೊದಲ ಕಾರು ತೆಗೆದುಕೊಳ್ಳುತ್ತಿದ್ದೇವೆ. ನನಗೆ ಮಾರುತಿ ಬಲೆನೊ ಇಷ್ಟ. ಅಪ್ಪ ಟೊಯೋಟಾ ಗ್ಲಾನ್ಜಾನೇ ಬೇಕು ಅಂತಾರೆ. ಎರಡೂ ಒಂದೇ ಕಾರು ಅಂದರೆ ನಂಬುವುದಿಲ್ಲ. ‘ಟೊಯೋಟಾ ಅಂದ್ರೆ ಟೊಯೋಟಾನೇ’ ಅಂತ ಪಟ್ಟು ಹಿಡಿದಿದ್ದಾರೆ. ಬರೀ ಹೆಸರಿಗೆ ದುಡ್ಡು ಕೊಡೋದು ಸರೀನಾ? (ವಿದ್ಯಾನಗರ, ಮಂಡ್ಯ)

ಕಾರಿನ ವಿಷಯದಲ್ಲಿ ನಿಮ್ಮ ಮಾತೇ ಸರಿ. ಗ್ಲಾನ್ಜಾ 2019ರಲ್ಲಿ ಬಂತು. ಅದು ಸುಜುಕಿ ಮಾಡಿ ಟೊಯೋಟಾಗೆ ಕೊಡುವ ಬಲೆನೊ. ಎಂಜಿನ್ ಅದೇ, 1197 ಸಿಸಿಯ ಸುಜುಕಿ ಎಂಜಿನ್. ಗೇರ್‌ಬಾಕ್ಸ್ ಅದೇ, ಬಾಗಿಲು ಅದೇ, ಚಾವಣಿ ಅದೇ. ಬೇರೆ ಇರುವುದು ಮುಂದಿನ ಗ್ರಿಲ್, ಬಂಪರ್, ಒಳಗಿನ ಬಣ್ಣ, ಲೋಗೋ ಇಂಥವು ಅಷ್ಟೇ. ಎರಡನ್ನೂ ಪಕ್ಕದಿಂದ ನೋಡಿ, ಗುರುತು ಹಿಡಿಯುವುದು ಕಷ್ಟ.

ಆದರೆ ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಆ ನಂಬಿಕೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿ. 2000ದಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಕ್ವಾಲಿಸ್ ಬಂತು. ನೋಡೋಕೆ ಅಂಥ ಚೆಂದವೇನೂ ಇರಲಿಲ್ಲ, ಆದರೆ ಕೆಡುತ್ತಿರಲಿಲ್ಲ. 2005ರಲ್ಲಿ ಇನ್ನೋವಾ ಬಂತು. ದಸರಾ ಸಮಯದಲ್ಲಿ ಮೈಸೂರಿನ ಯಾವ ಟ್ಯಾಕ್ಸಿ ಸ್ಟ್ಯಾಂಡಿಗಾದರೂ ಹೋಗಿ ಡ್ರೈವರುಗಳನ್ನು ಕೇಳಿ ನೋಡಿ, ಊಟಿ ಘಾಟು ಹತ್ತಿಸಿ ಮಡಿಕೇರಿ ತಿರುವು ಇಳಿಸಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ ಮೇಲೂ ಎಂಜಿನ್ ಬಿಚ್ಚಿಲ್ಲ ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ಟೊಯೋಟಾ ಅನ್ನುವ ಹೆಸರಿಗೆ ನಮ್ಮ ಕಡೆ ತೂಕ ಬಂದಿದ್ದು ಆ ಗಾಡಿಗಳಿಂದ. ಜಾಹೀರಾತಿನಿಂದ ಬಂದ ಹೆಸರಲ್ಲ ಅದು.

ತೊಂದರೆ ಇರುವುದು ಇಲ್ಲೇ. ಆ ಹೆಸರನ್ನು ಸಂಪಾದಿಸಿದ ಕೆಲಸದಲ್ಲಿ ಗ್ಲಾನ್ಜಾದ ಪಾಲು ಏನೂ ಇಲ್ಲ. ಅದು ಒಳ್ಳೆಯ ಕಾರು, ನಾನು ಬೇಡ ಅನ್ನುತ್ತಿಲ್ಲ. ಆದರೆ ಅದರ ಒಳ್ಳೆಯತನ ಸುಜುಕಿಯದು.

ಹಾಗಾದರೆ ಹೆಸರಿಗೆ ಏನೂ ಬೆಲೆ ಇಲ್ವಾ? ಇದೆ, ಅದು ಕಾರು ಕೈಗೆ ಬಂದ ಮೇಲೆ ಶುರುವಾಗುತ್ತದೆ. ಸರ್ವೀಸ್ ಟೊಯೋಟಾ ವರ್ಕ್‌ಶಾಪಿನಲ್ಲಿ ಆಗುತ್ತದೆ. ವಾರಂಟಿ ಟೊಯೋಟಾದವರು ಕೊಡುತ್ತಾರೆ. ಹಿಂದೆ ಇಲ್ಲಿ ದೊಡ್ಡ ವ್ಯತ್ಯಾಸ ಇತ್ತು. ಟೊಯೋಟಾ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಕೊಡುತ್ತಿದ್ದಾಗ ಮಾರುತಿ 2 ವರ್ಷ ಅಥವಾ 40 ಸಾವಿರ ಕಿ.ಮೀ. ಮಾತ್ರ ಕೊಡುತ್ತಿತ್ತು. ಆಗ ಗ್ಲಾನ್ಜಾ ತೆಗೆದುಕೊಳ್ಳಿ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. 2024ರ ಜುಲೈಯಲ್ಲಿ ಮಾರುತಿಯೂ 3 ವರ್ಷ, 1 ಲಕ್ಷಕ್ಕೆ ಬಂತು. ಆ ಲಾಭ ಈಗ ಉಳಿದಿಲ್ಲ.

ಹಾಗಾಗಿ ಎರಡೂ ಕಡೆ ಆನ್‌ರೋಡ್ ಬೆಲೆ ಬರೆಸಿಕೊಳ್ಳಿ. ಮಂಡ್ಯದಲ್ಲಿ ನಿಮ್ಮ ಮನೆಯಿಂದ ಯಾವ ವರ್ಕ್‌ಶಾಪ್ ಹತ್ತಿರ, ಅಲ್ಲಿ ಜನರನ್ನು ಹೇಗೆ ಮಾತಾಡಿಸುತ್ತಾರೆ, ಅಪಘಾತವಾದರೆ ಬಂಪರ್, ಹೆಡ್‌ಲೈಟ್ ಎಷ್ಟು ದಿನದಲ್ಲಿ ಬರುತ್ತದೆ ಅಂತ ವಿಚಾರಿಸಿ. ಬೆಲೆ ಹೆಚ್ಚುಕಮ್ಮಿ ಒಂದೇ ಆದರೆ ಅಪ್ಪನ ಮಾತಿಗೆ ಒಪ್ಪಿಬಿಡಿ, ನಷ್ಟ ಏನೂ ಇಲ್ಲ. ವ್ಯತ್ಯಾಸ ಜಾಸ್ತಿ ಇದ್ದರೆ ಮಾತ್ರ ಎರಡೂ ಕಾರಿನ ಬಾನೆಟ್ ತೆಗೆಸಿ ಪಕ್ಕಪಕ್ಕ ತೋರಿಸಿ. ಕಣ್ಣಿಂದ ನೋಡಿದ ಮೇಲೆ ಅವರೇ ತೀರ್ಮಾನ ಮಾಡಲಿ.

ಪ್ರಶ್ನೆ: ಗ್ರ್ಯಾಂಡ್ ವಿಟಾರಾ ಬಿಡದಿಯಲ್ಲಿ ತಯಾರಾಗಿದ್ದು ಅಂತಾರೆ. ಹಾಗಾದರೆ ಅದು ಟೊಯೋಟಾ ಕಾರೋ ಮಾರುತಿ ಕಾರೋ? (ಶ್ರೀರಂಗಪಟ್ಟಣ)

ಇಬ್ಬರದೂ ಹೌದು, ನಿಜವಾಗಿಯೂ ಹೌದು. ಮಾರುತಿ ಹೆಸರಿನ ಗ್ರ್ಯಾಂಡ್ ವಿಟಾರಾ, ಅದರ ಅವಳಿ ಟೊಯೋಟಾ ಹೈರೈಡರ್ ಎರಡೂ 2022ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಿಂದಲೇ ಹೊರಟವು. ಪ್ಲಾಟ್‌ಫಾರ್ಮ್, ಅಂದರೆ ಕಾರಿನ ತಳಪಾಯ, ಸುಜುಕಿಯದು. ಮೈಲ್ಡ್ ಹೈಬ್ರಿಡ್ (ಮೋಟಾರು ಎಂಜಿನ್‌ಗೆ ಸ್ವಲ್ಪ ನೆರವು ಮಾತ್ರ ಕೊಡುವುದು) ಎಂಜಿನ್ ಸುಜುಕಿಯದು. ಸ್ವಲ್ಪ ದೂರ ಬರೀ ಕರೆಂಟಿನಲ್ಲೂ ಓಡುವ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬರುವ 3 ಸಿಲಿಂಡರಿನ ಎಂಜಿನ್, ಮೋಟಾರು ಎಲ್ಲ ಟೊಯೋಟಾದ್ದು. ಒಬ್ಬೊಬ್ಬರೂ ತಮಗೆ ಗೊತ್ತಿರುವುದನ್ನು ತಂದು ಹಾಕಿದ್ದಾರೆ. ಇಂಥದ್ದರ ಮೇಲೆ ನನಗೆ ತಕರಾರಿಲ್ಲ. ಸುಮ್ನೆ ಲೋಗೋ ಬದಲಿಸುವುದಕ್ಕೂ ಇದಕ್ಕೂ ಬಹಳ ದೂರ.

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿದ್ದೇನೆ. ಬ್ಯಾಡ್ಜ್ ಇಂಜಿನಿಯರಿಂಗ್‌ನಿಂದ ಬ್ರ್ಯಾಂಡಿನ ಗುರುತೇ ಅಳಿಸಿಹೋಗುತ್ತೆ ಅಂತ ನಮ್ಮ ಲೆಕ್ಚರರ್ ಹೇಳಿದರು. ಆದರೆ ಎಲ್ಲ ಕಂಪನಿಗಳೂ ಪ್ಲಾಟ್‌ಫಾರ್ಮ್ ಹಂಚಿಕೊಳ್ತಾವಲ್ಲ, ಅದೂ ಇದೇ ಅಲ್ವಾ? ಉದಾಹರಣೆ ಕೊಟ್ಟು ಹೇಳಿ, ಸೆಮಿನಾರ್‌ಗೆ ಬೇಕು. (ಕುವೆಂಪುನಗರ, ಮೈಸೂರು)

ಒಳ್ಳೆಯ ಪ್ರಶ್ನೆ. ಇದಕ್ಕೆ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ.

ಮೊದಲು ವ್ಯತ್ಯಾಸ. ಪ್ಲಾಟ್‌ಫಾರ್ಮ್ ಅಂದರೆ ಕಣ್ಣಿಗೆ ಕಾಣದ ಭಾಗ. ಕಾರಿನ ತಳ, ಎಂಜಿನ್ ಕೂರುವ ಜಾಗ, ಸಸ್ಪೆನ್ಷನ್ ಸೇರುವ ಬಿಂದುಗಳು, ವೈರಿಂಗ್. ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್ ಒಂದೇ ಪ್ಲಾಟ್‌ಫಾರ್ಮಿನವು, ಎಂಜಿನ್ನೂ ಒಂದೇ. ಆದರೆ ಹೊರಗಿನ ರೂಪ ಬೇರೆ, ಒಳಗಿನ ಡ್ಯಾಶ್‌ಬೋರ್ಡ್ ಬೇರೆ. ಇದೇ ಫೋಕ್ಸ್‌ವ್ಯಾಗನ್ ಗುಂಪು 2011ರಲ್ಲಿ ತನ್ನ ವೆಂಟೋವನ್ನೇ ಅಷ್ಟಿಷ್ಟು ಬದಲಿಸಿ ಸ್ಕೋಡಾ ರ‍್ಯಾಪಿಡ್ ಅಂತ ಮಾರಿತ್ತು. ಅದು ಬ್ಯಾಡ್ಜ್ ಇಂಜಿನಿಯರಿಂಗ್‌ಗೆ ಹತ್ತಿರ. ಸುಲಭದ ಪರೀಕ್ಷೆ ಒಂದಿದೆ. ಕಾರನ್ನು ಪಕ್ಕದಿಂದ ನೋಡಿ. ಬಾಗಿಲು, ಕಿಟಕಿ, ಚಾವಣಿಯ ಗೆರೆ ಮೂರೂ ಒಂದೇ ಆಗಿದ್ದರೆ ಬದಲಾಗಿದ್ದು ಮುಖ ಮಾತ್ರ. ಬಾಗಿಲಿನ ತಗಡು ಒತ್ತುವ ಅಚ್ಚು ಮಾಡಿಸುವುದಕ್ಕೆ ವಿಪರೀತ ಖರ್ಚು. ಬಂಪರು, ಗ್ರಿಲ್ಲು ಪ್ಲಾಸ್ಟಿಕ್ಕಿನವು, ಅಗ್ಗದಲ್ಲಿ ಬದಲಿಸಬಹುದು. ಕಂಪನಿಗಳು ಎಲ್ಲಿ ಉಳಿಸುತ್ತವೆ ಅಂತ ಇದರಿಂದ ಗೊತ್ತಾಗುತ್ತದೆ.

ಈಗ ಗುರುತಿನ ವಿಷಯ. ಇಂಗ್ಲೆಂಡಿನ ಬಿಎಂಸಿ ಕಂಪನಿಯಿಂದ ಶುರು ಮಾಡಿ. 1962ರಲ್ಲಿ ಅವರು ಮಾರಿಸ್ 1100 ಅಂತ ಒಂದು ಸಣ್ಣ ಕಾರು ತಂದರು. ಬಹಳ ಒಳ್ಳೆಯ ಕಾರು, ಆ ದೇಶದಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಆದರೆ ಅದನ್ನೇ ತಮ್ಮ ಗುಂಪಿನ ಬೇರೆ ಹೆಸರುಗಳಾದ ಆಸ್ಟಿನ್, ಎಂಜಿ, ವೂಲ್ಸ್‌ಲಿ, ರೈಲಿ, ವಾಂಡೆನ್ ಪ್ಲಾ ಅಂತಲೂ ಮಾರಿದರು. ಒಂದು ಕಾರಿಗೆ 6 ಹೆಸರು! ರೈಲಿ ಒಂದು ಕಾಲದಲ್ಲಿ ರೇಸಿಗೆ ಹೆಸರಾಗಿದ್ದ ಕಂಪನಿ. ಅದಕ್ಕೆ ಉಳಿದಿದ್ದು ಬೇರೆ ಗ್ರಿಲ್ಲು, ಒಳಗೆ ಒಂದಿಷ್ಟು ಮರದ ಅಲಂಕಾರ. 1969ಕ್ಕೆ ರೈಲಿ ಮುಗಿಯಿತು, 1975ಕ್ಕೆ ವೂಲ್ಸ್‌ಲಿ. ಜನ ಯಾಕೆ ಜಾಸ್ತಿ ದುಡ್ಡು ಕೊಡಬೇಕು, ಹೇಳಿ?

ಅಮೆರಿಕದ ಜಿಎಂ ಇನ್ನೂ ದೊಡ್ಡದಾಗಿ ಈ ತಪ್ಪು ಮಾಡಿತು. 1980ರ ದಶಕದ ಷೆವರ್ಲೆ ಕ್ಯಾವಲಿಯರ್ ಅಗ್ಗದ, ಸಾಧಾರಣ ಕಾರು. ಅದೇ ಕಾರು ಜಿಎಂನದೇ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್ ಹೆಸರಿನಲ್ಲೂ ಬಂತು. ಅಲ್ಲಿಗೂ ನಿಲ್ಲಲಿಲ್ಲ. ಚರ್ಮದ ಸೀಟು ಹಾಕಿ ಕ್ಯಾಡಿಲಾಕ್ ಸಿಮರಾನ್ ಅಂತ ದುಬಾರಿ ಬೆಲೆಗೆ ಇಟ್ಟರು. ಕ್ಯಾಡಿಲಾಕ್ ಅಂದರೆ ಅವರಲ್ಲಿ ದೊಡ್ಡವರ ಕಾರು, ಅಧ್ಯಕ್ಷರು ಕೂರುವ ಕಾರು. ಸಿಮರಾನ್ 1988ರಲ್ಲಿ ನಿಂತಿತು, ಆದರೆ ಅದು ತಂದ ಕೆಟ್ಟ ಹೆಸರು ಇಂದಿಗೂ ಹೋಗಿಲ್ಲ. 1897ರಲ್ಲಿ ಹುಟ್ಟಿದ ಓಲ್ಡ್ಸ್‌ಮೊಬೈಲ್ 2004ರಲ್ಲಿ ಮುಚ್ಚಿತು. ಪಾಂಟಿಯಾಕ್ 2010ರಲ್ಲಿ ಹೋಯಿತು. ಬ್ಯಾಡ್ಜ್ ಇಂಜಿನಿಯರಿಂಗ್ ಒಂದೇ ಕಾರಣ ಅಂತ ಬರೆಯಬೇಡಿ, ಜಪಾನಿ ಕಾರುಗಳ ಪೈಪೋಟಿ, ಗುಣಮಟ್ಟ, ಸಾಲ ಎಲ್ಲವೂ ಇತ್ತು. ಆದರೆ ಆ ಹೆಸರುಗಳು ಯಾಕೆ ಬೇಕು ಅಂತ ಯಾರಾದರೂ ಕೇಳಿದಾಗ ಕಂಪನಿಯ ಹತ್ತಿರ ಉತ್ತರ ಇರಲಿಲ್ಲ. ನನ್ನ ಪ್ರಕಾರ ಅದು ಈ ಪದ್ಧತಿಯಿಂದಲೇ ಆದ ನಷ್ಟ.

ಮೂರನೆಯದು ನಮ್ಮ ದೇಶಕ್ಕೆ ಸಂಬಂಧಿಸಿದ್ದು, ಸೆಮಿನಾರಿನಲ್ಲಿ ತಪ್ಪದೇ ಹೇಳಿ. 2003ರಲ್ಲಿ ಇಂಗ್ಲೆಂಡಿನ ಎಂಜಿ ರೋವರ್ ಕಂಪನಿ ಸಿಟಿರೋವರ್ ಅಂತ ಒಂದು ಸಣ್ಣ ಕಾರು ತಂದಿತು. ಅದು ಪುಣೆಯಲ್ಲಿ ತಯಾರಾದ ಟಾಟಾ ಇಂಡಿಕಾ. ನಮಗೆ ಇಂಡಿಕಾ ಹೆಮ್ಮೆಯ ಕಾರು, ಭಾರತದಲ್ಲೇ ರೂಪಿಸಿದ್ದು, ಕಡಿಮೆ ದುಡ್ಡಿಗೆ ಮನೆಮಂದಿಯೆಲ್ಲ ಕೂರುವಷ್ಟು ಜಾಗ. ಆ ಕೆಲಸಕ್ಕೆ ಅದು ಸರಿಯಾಗಿಯೇ ಇತ್ತು. ಆದರೆ ರೋವರ್ ಅಂದರೆ ಅಲ್ಲಿನ ಜನಕ್ಕೆ ಬೇರೆಯೇ ನಿರೀಕ್ಷೆ. ಮರದ ಡ್ಯಾಶ್‌ಬೋರ್ಡು, ಸದ್ದಿಲ್ಲದ ಓಟ, ಡಾಕ್ಟರು ಲಾಯರುಗಳ ಕಾರು. ಆ ನಿರೀಕ್ಷೆಯ ಮುಂದೆ ನಿಲ್ಲಿಸಿ, ಬೆಲೆಯನ್ನೂ ಜಾಸ್ತಿ ಇಟ್ಟರೆ ಇಂಡಿಕಾ ಏನು ಮಾಡೀತು? 2005ರಲ್ಲಿ ಎಂಜಿ ರೋವರ್ ಕಂಪನಿಯೇ ಮುಳುಗಿತು. ರೋವರ್ ಅನ್ನುವ ಹೆಸರು ಕೈ ಬದಲಾಯಿಸುತ್ತಾ ಹೋಗಿ, 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಜೊತೆಗೆ ಟಾಟಾದವರಿಗೇ ಬಂತು. ಎಂಜಿ ಹೆಸರು ಚೀನಾಕ್ಕೆ ಹೋಯಿತು. ಇಲ್ಲಿ ಓಡಾಡುವ ಎಂಜಿ ಹೆಕ್ಟರ್ ಮೂಲದಲ್ಲಿ ಚೀನಾದ ಬಾವೋಜುನ್ 530. ಅದೇ ಕಾರು ಇಂಡೋನೇಷ್ಯಾದಲ್ಲಿ ವೂಲಿಂಗ್, ಹಿಂದೆ ಥಾಯ್ಲೆಂಡಿನಲ್ಲಿ ಷೆವರ್ಲೆ ಆಗಿತ್ತು.

ಈ ಉದಾಹರಣೆಗಳನ್ನೆಲ್ಲ ಓದಿಕೊಂಡ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸುವುದು ಇದು. ಗುರುತು ಇರುವುದು ಲೋಗೋದಲ್ಲಿ ಅಲ್ಲ, ಕಾರು ಮಾಡುವ ಕೆಲಸದಲ್ಲಿ. ಯಾರು ರೂಪಿಸಿದರು, ಎಲ್ಲಿ ಪರೀಕ್ಷೆ ಮಾಡಿದರು, ಯಾವುದಕ್ಕೆ ರಾಜಿ ಆಗಲಿಲ್ಲ ಅನ್ನುವುದರಲ್ಲಿ. ಕಂಪನಿ ಆ ಕೆಲಸ ನಿಲ್ಲಿಸಿ ಬೇರೆಯವರ ಕಾರಿಗೆ ತನ್ನ ಹೆಸರು ಕೊಟ್ಟಾಗ, ಹಳೆಯ ಕೂಡಿಟ್ಟ ದುಡ್ಡಿನಲ್ಲಿ ಸಂಸಾರ ನಡೆಸಿದ ಹಾಗೆ. ಸ್ವಲ್ಪ ದಿನ ನಡೆಯುತ್ತದೆ.

ಅದಕ್ಕೇ ಟೊಯೋಟಾದ ವಿಷಯದಲ್ಲಿ ನನಗೆ ಬೇಸರ ತಂದದ್ದು ಗ್ಲಾನ್ಜಾ ಬಂದಿದ್ದಲ್ಲ, ಎಟಿಯೋಸ್ ಮತ್ತು ಲಿವಾ ಹೋಗಿದ್ದು. ಭಾರತವನ್ನು ಮನಸ್ಸಿನಲ್ಲಿಟ್ಟು ಟೊಯೋಟಾ ತಾನೇ ರೂಪಿಸಿದ ಸಣ್ಣ ಕಾರುಗಳು ಅವು, ಬಿಡದಿಯಲ್ಲೇ ತಯಾರಾಗುತ್ತಿದ್ದವು. ಒಳಗೆ ಬಹಳ ಸಾದಾ, ಮೀಟರು ಡ್ಯಾಶ್‌ಬೋರ್ಡಿನ ನಡುವೆ, ಶೋಕಿ ಅನ್ನುವುದು ಇರಲಿಲ್ಲ. ಆದರೆ ಟ್ಯಾಕ್ಸಿಯವರು ಇಂದಿಗೂ ಎಟಿಯೋಸ್ ಸಿಕ್ಕರೆ ಬಿಡುವುದಿಲ್ಲ. 2020ರಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಾಗ ಎರಡನ್ನೂ ನಿಲ್ಲಿಸಿದರು. ಆ ಜಾಗದಲ್ಲಿ ಈಗ ಗ್ಲಾನ್ಜಾ ಇದೆ. ಮಾರುತಿ ಎರ್ಟಿಗಾ ಆಧಾರದ ರೂಮಿಯನ್ ಇದೆ, ಮಾರುತಿ ಫ್ರಾಂಕ್ಸ್ ಆಧಾರದ ಟೈಸರ್ ಇದೆ. ಎಲ್ಲ ಚೆನ್ನಾಗಿಯೇ ಮಾರಾಟ ಆಗುತ್ತವೆ. ಸಣ್ಣ ಕಾರಿನಲ್ಲಿ ಟೊಯೋಟಾತನ ಅಂದರೆ ಏನು ಅಂತ ಇನ್ನು ಹತ್ತು ವರ್ಷ ಬಿಟ್ಟು ನಮ್ಮ ಕಡೆಯ ಹುಡುಗರನ್ನು ಕೇಳಿದರೆ ಏನು ಹೇಳುತ್ತಾರೋ, ಅದೇ ನನ್ನ ಚಿಂತೆ.

ಇನ್ನೊಂದು ಅಪಾಯವೂ ಇದೆ. ಕಾರು ಬೇರೆಯವರದ್ದಾದರೆ ಅದರ ಆಯುಸ್ಸೂ ಅವರ ಕೈಯಲ್ಲೇ. ಮಾರುತಿಯ ಹಳೆಯ ಬ್ರೆಝಾದಿಂದ ಬಂದ ಟೊಯೋಟಾ ಅರ್ಬನ್ ಕ್ರೂಸರ್ 2020ರಲ್ಲಿ ಶುರುವಾಯಿತು. 2022ರಲ್ಲಿ ಸುಜುಕಿ ಹೊಸ ಬ್ರೆಝಾ ತಂದಿತು, ಆ ವರ್ಷವೇ ಅರ್ಬನ್ ಕ್ರೂಸರ್ ನಿಂತಿತು.

ಉಲ್ಟಾ ದಿಕ್ಕಿನಲ್ಲೂ ನೋಡಿ. ಮಾರುತಿ ಇನ್ವಿಕ್ಟೊ ಅಂದರೆ ಬಿಡದಿಯ ಇನ್ನೋವಾ ಹೈಕ್ರಾಸ್. 2023ರಲ್ಲಿ 24 ಲಕ್ಷ ದಾಟಿದ ಬೆಲೆಯಲ್ಲಿ ಬಂತು. ಕಾರಿನಲ್ಲಿ ಕೊರತೆ ಏನಿಲ್ಲ. ಆದರೆ ಮೈಸೂರು ಹೆದ್ದಾರಿಯಲ್ಲಿ ಹೈಕ್ರಾಸ್ ಎಷ್ಟು ಕಾಣುತ್ತೆ, ಇನ್ವಿಕ್ಟೊ ಎಷ್ಟು ಕಾಣುತ್ತೆ ಅಂತ ನೀವೇ ಗಮನಿಸಿ. ಕಡಿಮೆ ದುಡ್ಡಿಗೆ ಕೊಟ್ಟ ಕಾಸಿಗೆ ಮೋಸವಿಲ್ಲದ ಕಾರು ಕೊಡುತ್ತಾ ಬಂದು ಮಾರುತಿ ಹೆಸರು ಮಾಡಿತು. ಆ ಹೆಸರಿಗೆ 24 ಲಕ್ಷ ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಗುರುತು ಗಟ್ಟಿಯಾಗಿದ್ದಷ್ಟೂ ಅದರ ಬೇಲಿಯೂ ಗಟ್ಟಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಅವಳಿ ಕಾರು. ಮೂಲ ಕಾರು ಇನ್ನೊಂದು ಕಂಪನಿಯದು. ನನ್ನದರ ಮಾರಾಟ ನಿಂತು ವರ್ಷಗಳಾದವು. ಮುಂದಿನ ಬಂಪರ್, ಗ್ರಿಲ್ ಒಡೆದಿವೆ. ಶೋರೂಮಿನವರು ಇವತ್ತು ನಾಳೆ ಅಂತ ತಳ್ಳುತ್ತಿದ್ದಾರೆ. ಏನು ಮಾಡಲಿ? (ಮದ್ದೂರು)

ನಿಮ್ಮ ಕಷ್ಟ ಅರ್ಥವಾಗುತ್ತದೆ. ಬ್ಯಾಡ್ಜ್ ಇಂಜಿನಿಯರಿಂಗ್‌ನ ಬಿಸಿ ಮಾಲೀಕರಿಗೆ ನಿಜವಾಗಿ ತಟ್ಟುವುದು ಇಲ್ಲಿಯೇ. ಎಂಜಿನ್, ಕ್ಲಚ್, ಬ್ರೇಕ್, ಸಸ್ಪೆನ್ಷನ್‌ಗೆ ಹೆದರಬೇಡಿ. ಅವು ಮೂಲ ಕಾರಿನವೇ. ನಿಸಾನ್ ಮೈಕ್ರಾ ಮತ್ತು ರೆನೋ ಪಲ್ಸ್, ನಿಸಾನ್ ಸನ್ನಿ ಮತ್ತು ರೆನೋ ಸ್ಕಾಲಾ, ರೆನೋ ಡಸ್ಟರ್ ಮತ್ತು ನಿಸಾನ್ ಟೆರಾನೊ, ಮಹೀಂದ್ರಾ-ರೆನೋ ಲೋಗನ್ ಮತ್ತು ಮಹೀಂದ್ರಾ ವೆರಿಟೊ ಇಂಥ ಜೋಡಿಗಳಲ್ಲಿ ಒಳಗಿನ ಬಹುತೇಕ ಸಾಮಾನು ಒಂದಕ್ಕೊಂದು ಆಗುತ್ತದೆ. ಹಳೆಯ ಭಾಗದ ಮೇಲಿನ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ಅವಳಿ ಕಾರಿನ ಕಡೆಯೂ ಕೇಳಿ. ಬೆಲೆ ಕೆಲವೊಮ್ಮೆ ಬೇರೆ ಇರುತ್ತದೆ.

ಸಿಗದೇ ಇರುವುದು ಲೋಗೋಗೆ ಸೇರಿದ ಭಾಗಗಳು. ನೀವು ಬರೆದ ಬಂಪರ್, ಗ್ರಿಲ್, ಹೆಡ್‌ಲೈಟ್ ಇವೇ. ಮೊದಲು ಒಡೆದ ಬಂಪರನ್ನು ಎಸೆಯಬೇಡಿ, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದರೆ ಎಷ್ಟೋ ಸಲ ಸಾಕಾಗುತ್ತದೆ. ಅದು ಆಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಶೋರೂಮಿನಿಂದ ಪಾರ್ಟ್ ಸಿಗುವುದಿಲ್ಲ ಅಥವಾ ಇಷ್ಟು ದಿನ ಆಗುತ್ತದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ, ಇನ್ಶೂರೆನ್ಸ್ ಕ್ಲೇಮ್‌ಗೂ ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೂ ಅದು ಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಕೊನೆಯ ದಾರಿಯೂ ಇದೆ: ಅವಳಿ ಕಾರಿನ ಬಂಪರ್, ಗ್ರಿಲ್, ಹೆಡ್‌ಲೈಟ್ ಒಟ್ಟಿಗೆ ಹಾಕಿಸುವುದು. ಬಿಡಿಬಿಡಿಯಾಗಿ ಕೂರುವುದಿಲ್ಲ, ಸೆಟ್ ಆಗಿ ಹಾಕಬೇಕು. ಮೊದಲು ಅಳತೆ ನೋಡಿಸಿ, ಇನ್ಶೂರೆನ್ಸಿನವರಿಗೂ ತಿಳಿಸಿ, ಆಮೇಲೆ ದುಡ್ಡು ಕೊಡಿ.

ಹಳೆ ಕಾರು ಕೊಳ್ಳುವವರು ಇದನ್ನು ಗಮನಿಸಿ. ಅವಳಿಗಳಲ್ಲಿ ಕಡಿಮೆ ಮಾರಾಟವಾದ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗ. ಎಂಜಿನ್ ಅದೇ ಆದ್ದರಿಂದ ಲಾಭವೇ. ಆದರೆ ಮುಖಕ್ಕೆ ಪೆಟ್ಟು ಬಿದ್ದ ದಿನ ಆ ಉಳಿತಾಯ ವಾಪಸ್ ಕೊಡಬೇಕಾಗಬಹುದು.

ಪ್ರಶ್ನೆ: ನಾನು ಯಾದವಗಿರಿಯಲ್ಲಿ ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದವನು. ಜಾವಾ ಹೋಗಿ ಯೆಜ್ಡಿ ಬಂತಲ್ಲ, ಅದೂ ಬರೀ ಹೆಸರು ಬದಲಿಸಿದ್ದೇ ತಾನೇ? ಆಗ ಯಾರೂ ಬೈಯಲಿಲ್ಲ. (ಯಾದವಗಿರಿ, ಮೈಸೂರು)

ಬೈಯದೇ ಇದ್ದಿದ್ದಕ್ಕೆ ಸರಿಯಾದ ಕಾರಣ ಇತ್ತು ಸರ್. ಐಡಿಯಲ್ ಜಾವಾ ಮೈಸೂರಿನಲ್ಲಿ 1961ರಿಂದ ಬೈಕು ಕೊಡಲು ಶುರು ಮಾಡಿತು, ಚೆಕೊಸ್ಲೊವಾಕಿಯಾದ ಕಂಪನಿಯ ಲೈಸೆನ್ಸಿನಲ್ಲಿ. 1970ರ ದಶಕದಲ್ಲಿ ಟ್ಯಾಂಕಿನ ಮೇಲೆ ಜಾವಾ ಬದಲು ಯೆಜ್ಡಿ ಬಂತು. ಹೆಸರು ಹೊಸದು, ಯಾರೂ ಕೇಳಿರಲಿಲ್ಲ. ಆದರೆ ಕಾರ್ಖಾನೆ ಅದೇ, ಕೆಲಸಗಾರರು ಅವರೇ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರನ್ನೇ ಮುಂದಕ್ಕೆ ತಳ್ಳಿದರೆ ಗೇರ್ ಲಿವರ್, ಟೂ ಸ್ಟ್ರೋಕಿನ ಆ ಸದ್ದು, ಎಲ್ಲ ಹಾಗೇ ಇತ್ತು. ಆಮೇಲೆ ರೋಡ್‌ಕಿಂಗ್ ತರಹದ ಮಾಡೆಲ್‌ಗಳನ್ನೂ ಇಲ್ಲಿಂದಲೇ ತಂದರು. ಹೆಸರು ಹೋಯಿತು, ಕೆಲಸ ಉಳಿಯಿತು. ರೋವರ್‌ನಲ್ಲಿ ಆಗಿದ್ದು ಇದರ ತಿರುಗುಮುರುಗು.

ಕೆಲಸ ಉಳಿದಿದ್ದಕ್ಕೇ ಯೆಜ್ಡಿ ಕೂಡ ಮೈಸೂರಿನ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ನಮ್ಮ ಊರಿನ ಮೆಕ್ಯಾನಿಕ್‌ಗಳು ಆ ಗಾಡಿಗಳನ್ನು ಸಾಯಲು ಬಿಡಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಹಳೆ ಗಾಡಿಗಳು ಬೀದಿಗೆ ಬಂದಾಗ ಜಾವಾದವರು, ಯೆಜ್ಡಿಯವರು ಅಂತ ಬೇರೆ ಬೇರೆ ನಿಲ್ಲುವುದೇ ಇಲ್ಲ.

ಈಗಿನವು ಬೇರೆ ಕಥೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳನ್ನು ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಮತ್ತೆ ತಂದಿತು. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಇವು ಫೋರ್ ಸ್ಟ್ರೋಕ್, ನೀರಿನಿಂದ ತಣಿಸುವ ಎಂಜಿನ್. ಎರಡು ಹೆಸರಿನ ಗಾಡಿಗಳ ಎಂಜಿನ್ ಹತ್ತಿರದ ಸಂಬಂಧಿಗಳೇ. ಆದರೆ ಅವರು ರೂಪದಲ್ಲಿ, ಓಡಿಸುವ ರೀತಿಯಲ್ಲಿ ಎರಡನ್ನೂ ಬೇರೆ ಮಾಡಲು ಶ್ರಮ ಹಾಕಿದ್ದಾರೆ. ಹಾಗಾಗಿ ಇದನ್ನು ಬ್ಯಾಡ್ಜ್ ಇಂಜಿನಿಯರಿಂಗ್ ಅನ್ನಲಾರೆ. ಮೈಸೂರಿನಲ್ಲಿ ಒಂದು ಸಣ್ಣ ಘಟಕವಾದರೂ ತೆರೆದಿದ್ದರೆ ನನಗೆ ತುಂಬಾ ಖುಷಿಯಾಗುತ್ತಿತ್ತು. ಆ ಹೆಸರಿಗೆ ಊರಿನ ಋಣ ಇದೆ.

ಪ್ರಶ್ನೆ: ಅಂಬಾಸಿಡರ್ ಹೆಸರನ್ನು ವಿದೇಶಿ ಕಂಪನಿಗೆ ಮಾರಿದ್ದು ನಿಜವಾ? (ಪಾಂಡವಪುರ)

ನಿಜ. ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರಲ್ಲಿ ನಿಂತಿತು. 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿ ಆ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡಿತು. ಅಂಬಾಸಿಡರ್ ಕೂಡ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಇಲ್ಲಿ ತಯಾರಾಗಿ, ಇಲ್ಲಿಯ ರಸ್ತೆಯಲ್ಲಿ ಓಡಿ ಅದು ನಮ್ಮದಾಯಿತು.

ಪ್ರಶ್ನೆ: ನನ್ನ ಬಲೆನೊಗೆ ಟೊಯೋಟಾ ಲೋಗೋ, ಗ್ಲಾನ್ಜಾ ಗ್ರಿಲ್ ಹಾಕಿಸಿದರೆ ಮಾರುವಾಗ ಒಳ್ಳೆ ಬೆಲೆ ಬರುತ್ತಾ? (ಕೆ.ಆರ್. ಪೇಟೆ)

ಬರುವುದಿಲ್ಲ. ಆರ್‌ಸಿಯಲ್ಲಿ ಮಾರುತಿ ಅಂತಲೇ ಇರುತ್ತದೆ, ಷಾಸಿ ನಂಬರ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಮುಖ ಬದಲಾಗಿದ್ದು ಕಂಡರೆ ಕೊಳ್ಳುವವರು ಅಪಘಾತ ಆಗಿತ್ತೇನೋ ಅಂತ ಅನುಮಾನ ಪಡುತ್ತಾರೆ, ಇದ್ದ ಬೆಲೆಯೂ ಇಳಿಯುತ್ತದೆ. ಆ ದುಡ್ಡಿನಲ್ಲಿ ನಾಲ್ಕು ಟೈರ್ ಹೊಸದು ಹಾಕಿಸಿ.